ಲೈನ್ ಮನೆಗೆ ಡೋರ್ ನಂಬರ್ ಇರಲ್ಲ

(ಕೊಡಗಿನ ಗೋಣಿಕೊಪ್ಪದಲ್ಲಿ ಒಂದು ಭಾನುವಾರ ಬಡತನದ ಬಗ್ಗೆ ನಾನು ಮಾತಾಡಿದ್ದು ಇದು. ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಂಡಿದ್ದ ಹುಡುಗ ಒಬ್ಬ ಕಷ್ಟಪಟ್ಟು ಟೈಪ್ ಮಾಡಿ ಕಳ್ಸಿದ್ದ, ಅದನ್ನೇ ಅಲ್ಲಲ್ಲಿ ಸರಿ ಮಾಡಿ ಹಾಕ್ತಿದೀನಿ. ಕರೆಂಟ್ ಹೋಗಿದ್ದು, ಮೈಕ್ ಕೂಗಿದ್ದು ಬಿಟ್ಟಿದೀನಿ.)

ಎಲ್ರಿಗೂ ನಮಸ್ಕಾರ. ಮೊದ್ಲೇ ಹೇಳ್ಬಿಡ್ತೀನಿ, ನಾನು ಭಾಷಣ ಮಾಡೋನಲ್ಲ, ಮೂವತ್ತು ವರ್ಷಕ್ಕಿಂತ ಜಾಸ್ತಿ ಪೋಸ್ಟಾಫೀಸಲ್ಲಿ ಸೀಲ್ ಹೊಡೆದೋನು. ಮೊದ್ಲು ಸೈಕಲ್ ಮೇಲೆ ಟಪಾಲು ಹಂಚ್ತಿದ್ದೆ, ಕೊನೆಕೊನೆಗೆ ಕೌಂಟರ್ ಹಿಂದೆ ಕೂತಿದ್ದೆ. ಬಡತನದ ಬಗ್ಗೆ ಮಾತಾಡಿ ಅಂದಾಗ ನಂಗೇನ್ ಗೊತ್ತು ಅಂತ ಬೇಡ ಅಂದಿದ್ದೆ, ಆಮೇಲೆ ರಾತ್ರಿ ಯೋಚನೆ ಮಾಡ್ದಾಗ ಅನ್ಸಿತು, ಯಾರ್ ಮನೆಗೆ ಏನ್ ಬರುತ್ತೆ ಏನ್ ಬರಲ್ಲ ಅನ್ನೋದು ಪೋಸ್ಟ್‌ನೋನಿಗಿಂತ ಬೇರೆ ಯಾರಿಗೆ ಗೊತ್ತಿರುತ್ತೆ ಅಂತ, ಅದಕ್ಕೆ ಬಂದೆ.

ಈ ಕಾರ್ಯಕ್ರಮ ಆಗ್ಬೇಕಿದ್ದಿದ್ದು ಅಕ್ಟೋಬರ್ 17ಕ್ಕೆ. ಅದು ಬಡತನ ನಿರ್ಮೂಲನೆಯ ಅಂತಾರಾಷ್ಟ್ರೀಯ ದಿನ. 1987ರಲ್ಲಿ ಅದೇ ತಾರೀಕಿಗೆ ಪ್ಯಾರಿಸ್‌ನಲ್ಲಿ ಜೋಸೆಫ್ ರೆಸಿನ್‌ಸ್ಕಿ ಅನ್ನೋ ಪಾದ್ರಿ ಜನ ಸೇರ್ಸಿ, ಬಡತನ ಅನ್ನೋದು ಮನುಷ್ಯನ ಹಕ್ಕು ಕಿತ್ಕೊಂಡ ಹಾಗೆ ಅಂತ ಒಂದು ಕಲ್ಲಲ್ಲಿ ಕೆತ್ತಿಸಿ ನೆಲಕ್ಕೆ ಹಾಕಿಸಿದ್ರು. ಆತ ಹುಟ್ಟಿದ್ದೂ ಬಡವ್ರ ಮನೇಲೇ. 1992ರಲ್ಲಿ ವಿಶ್ವಸಂಸ್ಥೆ ಆ ದಿನನ ಒಪ್ಕೊಳ್ತು. ನಮ್ಮಲ್ಲಿ ಆ ತಾರೀಕಿಗೆ ಏನಾಗುತ್ತೆ ನಿಮಗೇ ಗೊತ್ತು, ತುಲಾ ಸಂಕ್ರಮಣ ಹೆಚ್ಚುಕಮ್ಮಿ ಅವತ್ತೇ ಬರುತ್ತೆ, ಇಡೀ ಜಿಲ್ಲೆ ತಲಕಾವೇರಿ ಕಡೆ ಮುಖ ಮಾಡಿರುತ್ತೆ, ಹಾಲ್‌ಗೆ ಯಾರೂ ಬರಲ್ಲ. ಹಾಗಾಗಿ ಮುಂದಕ್ಕೆ ಹಾಕಿದ್ರು. ಒಳ್ಳೇದೇ ಆಯ್ತು, ಯಾಕಂದ್ರೆ ಇವತ್ತು ಇಲ್ಲಿ ಸಂತೆ.

ಬರ್ತಾ ನೋಡಿದ್ರಲ್ಲ, ತಿತಿಮತಿ ಕಡೆಯಿಂದ ಬಾಳೆಲೆ ಕಡೆಯಿಂದ ತೋಟದ ಆಳುಗಳನ್ನ ತುಂಬ್ಕೊಂಡು ಜೀಪ್ ಬರ್ತಾ ಇದಾವೆ, ಒಂದೊಂದರಲ್ಲಿ ಎಷ್ಟ್ ಜನ ಅಂತ ಲೆಕ್ಕ ಹಾಕೋಕೆ ಹೋದ್ರೆ ತಲೆ ತಿರುಗುತ್ತೆ. ವಾರಕ್ಕೆ ಆರು ದಿನ ಆ ಜನ ನಮ್ಮ ಕಣ್ಣಿಗೆ ಬೀಳೋದೇ ಇಲ್ಲ. ಬೇರೆ ಊರಲ್ಲಿ ಬಡವ್ರು ರೋಡ್ ಸೈಡಲ್ಲೇ ಇರ್ತಾರೆ, ಸ್ಲಮ್ ಅಂತಾರೆ, ಬಸ್ಸಲ್ಲಿ ಹೋಗ್ವಾಗ ಕಾಣುತ್ತೆ. ಕೊಡಗಲ್ಲಿ ಬಸ್ಸಿಂದ ಕಾಣೋದು ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿರೋ ಮೆಣಸು, ಹೋಂಸ್ಟೇ ಬೋರ್ಡು, ಒಂದು ಕಬ್ಬಿಣದ ಗೇಟು. ಗೇಟಿಂದ ಒಳಗೆ ಅರ್ಧ ಮೈಲಿ ಹೋದ್ರೆ ಲೈನು, ಅಂದ್ರೆ ತೋಟದ ಆಳುಗಳು ಇರೋ ಸಾಲು ಮನೆ. ಟೂರಿಸ್ಟ್ ಬಂದೋರು ನಿಮ್ಮೂರಲ್ಲಿ ಬಡವರೇ ಇಲ್ವಲ್ಲ ಸಾರ್ ಅಂತಾರೆ, ನಾವೂ ಹೆಮ್ಮೆಯಿಂದ ಹೌದು ಅಂತೀವಿ!

ಬಡವ ಅಂದ್ರೆ ಯಾರು ಅನ್ನೋದೇ ಒಂದು ದೊಡ್ಡ ಜಗಳ. 2011ರಲ್ಲಿ ಪ್ಲಾನಿಂಗ್ ಕಮಿಷನ್‌ನೋರು ಸುಪ್ರೀಂ ಕೋರ್ಟಿಗೆ ಬರ್ಕೊಟ್ರು, ಹಳ್ಳೀಲಿ ದಿನಕ್ಕೆ 26 ರೂಪಾಯಿ, ಪೇಟೇಲಿ 32 ರೂಪಾಯಿ ಖರ್ಚು ಮಾಡೋ ಶಕ್ತಿ ಇದ್ರೆ ಅವ್ನು ಬಡವ ಅಲ್ಲ ಅಂತ. ಆಗ ನಮ್ಮ ಆಫೀಸ್ ಪಕ್ಕದ ಹೋಟ್ಲೋನು ನಕ್ಕೊಂಡು ಹಾಗಾದ್ರೆ ನನ್ ಹೋಟ್ಲಲ್ಲಿ ಊಟ ಮಾಡೋರೆಲ್ಲ ಶ್ರೀಮಂತ್ರೇ ಅಂದಿದ್ದ. ವರ್ಲ್ಡ್ ಬ್ಯಾಂಕ್‌ನೋರು 2025ರಲ್ಲಿ ಅವರ ಗೆರೆನ ದಿನಕ್ಕೆ 2.15 ಡಾಲರ್‌ನಿಂದ 3 ಡಾಲರ್‌ಗೆ ಏರಿಸಿದ್ರು. ಈಗ ನೀತಿ ಆಯೋಗದೋರು ಬರೀ ದುಡ್ಡು ನೋಡಲ್ಲ, ಹನ್ನೆರಡು ವಿಷಯ ನೋಡ್ತಾರೆ, ಮಕ್ಕಳು ಸ್ಕೂಲಿಗೆ ಹೋಗ್ತಾರಾ, ಕಕ್ಕಸು ಇದ್ಯಾ, ಯಾವ ಒಲೆ, ಕುಡಿಯೋ ನೀರು, ಬ್ಯಾಂಕ್ ಅಕೌಂಟು ಹೀಗೆ. ಆ ಲೆಕ್ಕದಲ್ಲಿ ದೇಶದಲ್ಲಿ ಬಡವ್ರು 2015-16ರಲ್ಲಿ 24.85 ಪರ್ಸೆಂಟ್ ಇದ್ದೋರು 2019-21ಕ್ಕೆ 14.96ಕ್ಕೆ ಇಳಿದಿದಾರೆ. ಕಮ್ಮಿ ಆಗಿರೋದು ನಿಜ, ನನ್ನ ಕಣ್ಣಾರೆ ನೋಡಿದೀನಿ. ಮೊದ್ಲು ಬರೀ ಕಾಲಲ್ಲಿ ಬರ್ತಿದ್ದೋರ ಮಕ್ಕಳು ಈಗ ಶೂ ಹಾಕ್ತಾರೆ. ಆದ್ರೆ ಆ ಹನ್ನೆರಡರಲ್ಲಿ ಒಂದು ವಿಷಯ ಇಲ್ಲ, ನನ್ನ ಪ್ರಕಾರ ಹದಿಮೂರನೇದು ಅದೇ ಆಗ್ಬೇಕಿತ್ತು. ಅಡ್ರೆಸ್.

ಟಪಾಲು ಹಂಚ್ತಿದ್ದಾಗ ಲೈನ್‌ನೋರಿಗೆ ಬರೋ ಕಾಗದದ ಮೇಲೆ ಹೇಗೆ ಬರ್ದಿರ್ತಿದ್ರು ಗೊತ್ತಾ? ಮೇಲೆ ಆ ಮನುಷ್ಯನ ಹೆಸರು, ಅದೂ ಬರೀ ಹೆಸರು, ಮುಂದೆ ಇನಿಶಿಯಲ್ ಇಲ್ಲ. ಕೆಳಗೆ ಇಂಥ ಸಾವ್ಕಾರ್ರ ತೋಟ. ಅಷ್ಟೇ. ನಾನು ಗೇಟ್ ಹತ್ರ ರೈಟ್ರ ಕೈಗೆ, ಅಂದ್ರೆ ತೋಟದ ಲೆಕ್ಕ ಬರೆಯೋರ ಕೈಗೆ, ಕೊಟ್ಟು ಬರ್ತಿದ್ದೆ. ಅದು ಮುಟ್ಟಿದ್ರೆ ಮುಟ್ತು. ಆ ಮನುಷ್ಯ ಮುಂದಿನ ಕುಯ್ಲಿಗೆ ಬೇರೆ ತೋಟಕ್ಕೆ ಹೋದ್ರೆ ಅವನ ಅಡ್ರೆಸ್ಸೂ ಅವನನ್ನ ಬಿಟ್ಟು ಅಲ್ಲೇ ಉಳ್ಕೊಳ್ತು. ಲೈನ್ ಮನೆಗೆ ಡೋರ್ ನಂಬರ್ ಇರಲ್ಲ ಅಲ್ವಾ, ಕಂದಾಯ ಕಟ್ಟೋದು ತೋಟದ ಹೆಸ್ರಲ್ಲಿ, ಕರೆಂಟ್ ಬಿಲ್ಲು ತೋಟದ ಹೆಸ್ರಲ್ಲಿ. ಒಳಗಿರೋನಿಗೆ ತಾನು ಅಲ್ಲಿದೀನಿ ಅಂತ ತೋರ್ಸೋಕೆ ಒಂದ್ ಚೀಟಿ ಇಲ್ಲ. ಅಡ್ರೆಸ್ ಪ್ರೂಫ್ ಇಲ್ಲ ಅಂದ್ರೆ ಆಧಾರ್ ತೊಂದ್ರೆ, ಆಧಾರ್ ಇಲ್ಲ ಅಂದ್ರೆ ರೇಷನ್ ಕಾರ್ಡ್ ಇಲ್ಲ, ರೇಷನ್ ಕಾರ್ಡ್ ಇಲ್ಲ ಅಂದ್ರೆ ಗೃಹಲಕ್ಷ್ಮಿ 2000 ಇಲ್ಲ, ಸರ್ಕಾರಿ ಆಸ್ಪತ್ರೇಲಿ ಆಪರೇಷನ್ ಅಂದ್ರೂ ಮೊದ್ಲು ಕೇಳೋದು ಕಾರ್ಡ್ ಎಲ್ಲಿ ಅಂತ. ಒಂದು ದಾರದ ತುದಿ ಸಿಕ್ಕಿಲ್ಲ ಅಂದ್ರೆ ಇಡೀ ಉಂಡೆ ಗಂಟು.

ಇದು ಇವತ್ತಿನ ಕಥೆ ಅಲ್ಲ. ರಾಜರ ಕಾಲದಲ್ಲಿ ಭೂಮಿ ಜಮ್ಮದಾಳು ಅಂತಿದ್ರು, ಗದ್ದೆ ಯಾರ ಕೈಗೆ ಹೋಗುತ್ತೋ ಆಳೂ ಅವನ ಜೊತೆ ಹೋಗ್ಬೇಕು. ಯರವರು ಅನ್ನೋ ಬುಡಕಟ್ಟಿನೋರು ಬಹಳ ಜನ ಹಾಗೆ ಇದ್ದೋರೇ. 1834ರಲ್ಲಿ ಬ್ರಿಟಿಷ್ರು ಬಂದ್ರು, 1854ರಲ್ಲಿ ಫೌಲರ್ ಅನ್ನೋ ದೊರೆ ಮಡಿಕೇರಿ ಹತ್ರ ಕಾಫಿ ತೋಟ ಹಾಕ್ದ, ಆಮೇಲೆ ಆಳುಗಳಿಗೆ ಲೈನ್ ಬಂತು. ಹೆಸರು ಬದಲಾಯ್ತು, ವಿಳಾಸ ಮಾತ್ರ ಸಾವ್ಕಾರ್ರದ್ದೇ ಉಳೀತು. ಇದನ್ನ ಹೇಳಿದ್ರೆ ಕೆಲವ್ರಿಗೆ ಕೋಪ ಬರುತ್ತೆ, ಬರ್ಲಿ. ನಮ್ಮಜ್ಜನ ಮನೇಲೂ ಆಳುಗಳು ಹಿಂದಿನ ಬಾಗಿಲಿಂದಾನೇ ಬರ್ತಿದ್ರು, ನಾನೇನೂ ಹೊರಗಡೆಯೋನಲ್ಲ.

ಈಗ ಒಬ್ಬ ಹೆಂಗಸಿನ ವಿಷಯ ಹೇಳ್ತೀನಿ, ಹೆಸರು ಬೇಡ. ನಾನು ರಿಟೈರ್ ಆದ ಮೇಲೆ ನೊಣ ಹೊಡ್ಕೊಂಡು ಕೂತಿದ್ದಾಗ ನ್ಯಾಯಬೆಲೆ ಅಂಗಡಿ ಹತ್ರ ಸಿಕ್ಕಿದ್ರು. ಕಾರ್ಡ್ ಇದೆ, ಆಧಾರ್ ಇದೆ, ಎಲ್ಲ ಇದೆ. ಮಷಿನ್ ಮೇಲೆ ಹೆಬ್ಬೆಟ್ಟು ಇಟ್ರೆ ಕೆಂಪು ಲೈಟು. ಒರೆಸಿ ಇಟ್ರು, ಕೆಂಪು. ಸೆರಗಿಗೆ ಉಜ್ಜಿ ಇಟ್ರು, ಕೆಂಪು. ಅಂಗಡಿಯೋನು ಪಾಪ ತಲೆಗೆ ಹಚ್ಚೋ ಎಣ್ಣೆ ಕೊಟ್ಟ, ಹಚ್ಚಿ ಇಟ್ರು, ಆಗ್ಲೂ ಇಲ್ಲ. ನಾನು ಆ ಕೈ ತಗೊಂಡು ನೋಡ್ದೆ. ಕುಯ್ಲು ಮುಗಿದು ಹದಿನೈದು ದಿನ ಆಗಿತ್ತು, ಬೆರಳ ತುದಿ ಇನ್ನೂ ಕಪ್ಪಗೆ ಇದೆ, ಸೀಳು ಸೀಳು, ಗೆರೆ ಅನ್ನೋದು ಒಂದೂ ಇಲ್ಲ, ತೊಳೆದಿಟ್ಟ ಹೊಳೆ ಕಲ್ಲು ಹೇಗಿರುತ್ತೆ ಹಾಗೆ. ರೋಬಸ್ಟಾ ಕಾಫಿ ಕುಯ್ಯೋದು ಅಂದ್ರೆ ಹಣ್ಣು ಒಂದೊಂದೇ ಬಿಡಿಸೋದಲ್ಲ, ಗಿಣ್ಣಿಗೆ ಬೆರಳು ಹಾಕಿ ಗೊಂಚಲಿಗೆ ಗೊಂಚಲೇ ಎಳೀಬೇಕು, ದಿನಕ್ಕೆ ಎಷ್ಟು ಸಾವಿರ ಸಲ ಆಗುತ್ತೋ. ಜೊತೆಗೆ ಅದರ ಕರೆ, ಗೊಬ್ಬರ, ಔಷಧಿ. ಓದೋಕೆ ಬರೆಯೋಕೆ ಬರದೇ ಇರೋರಿಗೆ ಹೆಬ್ಬೆಟ್ಟು ಅಂತ ಬೈತೀವಲ್ಲ ನಾವು, ಆ ಅಮ್ಮನಿಗೆ ಈಗ ಹೆಬ್ಬೆಟ್ಟೂ ಇಲ್ಲ!

ಅವ್ರು ಮೂರು ತಿಂಗಳಿಂದ ಅಕ್ಕಿ ಇಲ್ದೆ ವಾಪಸ್ ಹೋಗ್ತಿದ್ರು. ಯಾರೂ ಕೆಟ್ಟೋರಲ್ಲ ಅಲ್ಲಿ, ಅಂಗಡಿಯೋನು ಒಳ್ಳೆಯೋನೇ, ಮಷಿನ್ ಒಪ್ಪಿಲ್ಲ ನಾನೇನ್ ಮಾಡ್ಲಿ ಪೋಸ್ಟಣ್ಣ ಅಂದ. ಆದ್ರೆ ಬೆರಳು ಒಪ್ಪಿಲ್ಲ ಅಂದ್ರೆ ಕಣ್ಣಿನ ಸ್ಕ್ಯಾನ್ ಅಂತ ಇದೆ, ಆಧಾರ್‌ಗೆ ಲಿಂಕ್ ಆಗಿರೋ ಮೊಬೈಲ್‌ಗೆ ಓಟಿಪಿ ಅಂತ ಇದೆ. ಅವರ ಮೊಬೈಲ್ ನಂಬರ್ ಲಿಂಕ್ ಆಗಿರ್ಲಿಲ್ಲ, ಯಾಕಂದ್ರೆ ಆಧಾರ್ ಮಾಡ್ಸಿದ್ದಾಗ ಮೇಸ್ತ್ರಿ ತನ್ನ ನಂಬರ್ ಕೊಟ್ಟಿದ್ದ, ಆ ಮೇಸ್ತ್ರಿ ಈಗ ಪಿರಿಯಾಪಟ್ಣ ಕಡೆ ಎಲ್ಲೋ ಇದಾನೆ. ನಂಬರ್ ಬದಲಾಯಿಸೋಕೆ ನಾವಿಬ್ರೂ ಎರಡು ಸಲ ಹೋದ್ವಿ. ಒಂದು ದಿನ ಸರ್ವರ್ ಇಲ್ಲ, ಒಂದು ದಿನ ಆಯ್ತು. ಎರಡು ದಿನದ ಕೂಲಿ ಹೋಯ್ತು ಅವ್ರದ್ದು, ನಂದೇನು ಹೋಗ್ಲಿಲ್ಲ, ಪೆನ್ಷನ್ ಬರುತ್ತೆ. ಅವತ್ತಿಂದ ನಂಗೆ ಗೊತ್ತಾಗಿದ್ದು ಇಷ್ಟೇ, ಯೋಜನೆ ಇಲ್ಲ ಅಂತಲ್ಲ, ಅದು ಇರೋ ಕಡೆಗೂ ಲೈನ್ ಮನೆಗೂ ಮಧ್ಯೆ ಒಂದ್ ಎರಡು ಮೂರು ದಿನದ ಓಡಾಟ ಇದೆ, ಆ ಓಡಾಟಕ್ಕೆ ಬಡವ್ರ ಹತ್ರ ಟೈಮ್ ಇಲ್ಲ. ನಮ್ಮ ಹತ್ರ ಇದೆ.

ಇನ್ನು ಅಡ್ವಾನ್ಸ್ ವಿಷಯ. ಇಲ್ಲಿ ಬೆಳೆಗಾರ್ರು ಕೂತಿದೀರಿ, ಬೇಜಾರ್ ಮಾಡ್ಕೋಬೇಡಿ. ಮಗಳ ಮದುವೆಗೋ ಆಸ್ಪತ್ರೆಗೋ 20 ಸಾವಿರ ಅಡ್ವಾನ್ಸ್ ತಗೊಂಡ ಅಂತ ಇಟ್ಕೊಳಿ. ವಾರಕ್ಕೆ 300 ಹಿಡೀತೀರಿ. ಲೆಕ್ಕ ಹಾಕಿ, ಅರವತ್ತಾರು ಅರವತ್ತೇಳು ವಾರ ಬೇಕು ತೀರೋಕೆ. ವರ್ಷಕ್ಕಿರೋದು ಐವತ್ತೆರಡು. ಅದರಲ್ಲಿ ಕಕ್ಕಡ ತಿಂಗಳ ಮಳೇಲಿ ಎಷ್ಟು ವಾರ ಕೆಲಸ ಇರುತ್ತೆ ನೀವೇ ಹೇಳಿ. ಅಂದ್ರೆ ಇದು ತೀರೋಕೆ ಮುಂಚೆ ಪುತ್ತರಿ ಹಬ್ಬ ಬರುತ್ತೆ, ಮತ್ತೆ ಅಡ್ವಾನ್ಸ್ ಬರುತ್ತೆ. ಬುಕ್ಕು ರೈಟ್ರ ಹತ್ರ ಇರುತ್ತೆ, ಓದೋಕೆ ಬರೋದೂ ಅವ್ರಿಗೇ. ಬಡ್ಡಿ ಹಾಕಲ್ಲ ಅಂತೀರಿ, ಒಪ್ಪಿದೆ. ಆದ್ರೆ ಅಡ್ವಾನ್ಸ್ ಇರೋ ತನಕ ಬೇರೆ ಕಡೆ ಹೋಗ್ಬಾರ್ದು ಅಂದ ತಕ್ಷಣ ಅದು ಅಡ್ವಾನ್ಸ್ ಅಲ್ಲ, 1976ರ ಕಾನೂನಲ್ಲಿ ಅದಕ್ಕೆ ಜೀತ ಅಂತಾರೆ, ಆ ಸಾಲ ಕಾನೂನು ಪ್ರಕಾರ ಅಲ್ಲಿಗೇ ರದ್ದು. ಎಲ್ಲ ತೋಟದಲ್ಲೂ ಹಾಗಿದೆ ಅಂತ ನಾನು ಹೇಳ್ತಿಲ್ಲ, ಒಳ್ಳೆ ಸಾವ್ಕಾರ್ರು ಎಷ್ಟೋ ಜನ ಇದಾರೆ, ಆಳು ಸತ್ರೆ ಹೆಣ ಎತ್ತೋಕೆ ಮೊದ್ಲು ಬರೋರು ಇದಾರೆ.

ಬೆಳೆಗಾರ್ರದ್ದೂ ಕಷ್ಟ ಇದೆ, ಗೊತ್ತು. ಐದೆಕ್ರೆ ಇಟ್ಕೊಂಡೋನು ಆನೆ ಬಂತು, ಕಾಯಿ ಉದುರ್ತು, ಹೂಮಳೆ ಬರ್ಲಿಲ್ಲ ಅಂತ ಪ್ರತಿ ವರ್ಷ ಅಳೋದು ಸುಳ್ಳಲ್ಲ. 2018ರ ಆಗಸ್ಟಲ್ಲಿ ಬೆಟ್ಟ ಕುಸಿದಾಗ ರಾತ್ರೋರಾತ್ರಿ ಸಾವ್ಕಾರ್ರೂ ಆಳೂ ಒಂದೇ ಗಂಜಿ ಕೇಂದ್ರದಲ್ಲಿ ಮಲಗಿದ್ರು, ಮರೆತಿಲ್ಲ. ಆದ್ರೆ 2024ರಲ್ಲಿ ರೋಬಸ್ಟಾ ಚೆರ್ರಿ, ಅಂದ್ರೆ ಒಣಗಿಸಿದ ಕಾಫಿ ಹಣ್ಣು, ಐವತ್ತು ಕೆಜಿ ಚೀಲ 10 ಸಾವಿರ ದಾಟ್ತಲ್ಲ, ಹೊಸ ಗಾಡಿ ಎಷ್ಟ್ ಬಂದ್ವು ಈ ರೋಡಲ್ಲಿ, ಅವಾಗ ಲೈನ್‌ನ ಶೀಟು ಬದಲಾಯ್ತಾ? ಕೆಲವ್ರು ಬದಲಾಯಿಸಿದ್ರು. ಉಳಿದೋರು ಮನೆಗೆ ಹೋಗಿ ಒಂದ್ಸಲ ತಲೆ ಎತ್ತಿ ಆ ಶೀಟ್ ನೋಡಿ ಸಾಕು.

ಅವ್ರು ಕುಡಿದು ಹಾಳ್ ಮಾಡ್ತಾರೆ, ಕೊಟ್ರೂ ಪ್ರಯೋಜನ ಇಲ್ಲ, ಇದು ಪ್ರತಿ ಸಲ ಬರೋ ಮಾತು. ಹೌದು ಕುಡೀತಾರೆ. 2007ರಲ್ಲಿ ಸಾರಾಯಿ ಬಂದ್ ಆಯ್ತು, ಪ್ಯಾಕೆಟ್ ಬಣ್ಣ ಬದಲಾಯ್ತು ಅಷ್ಟೇ. ಕುಡಿತದಿಂದ ಮನೆ ಮುರಿದಿದ್ದು ನಾನೂ ನೋಡಿದೀನಿ. ಆದ್ರೆ ಸ್ವಾಮಿ, ಕೊಡಗಲ್ಲಿ ನಿಂತ್ಕೊಂಡು ಕುಡಿತದ ಬಗ್ಗೆ ಉಪದೇಶ ಮಾಡೋಕೆ ನಂಗೆ ಸ್ವಲ್ಪ ನಾಚಿಕೆ ಆಗುತ್ತೆ. (ಇಲ್ಲಿ ಎಲ್ರೂ ನಕ್ರು, ಮುಂದಿನ ಸಾಲಲ್ಲಿ ಕೂತಿದ್ದೋರು ಸ್ವಲ್ಪ ಜಾಸ್ತೀನೇ.) ಕುಡಿಯೋನು ಗಂಡ. ಅಕ್ಕಿ ಬೇಕಾಗಿರೋದು ಹೆಂಡ್ತಿಗೆ ಮಕ್ಕಳಿಗೆ. ಗೃಹಲಕ್ಷ್ಮಿ ದುಡ್ಡು ಹೆಂಗಸಿನ ಅಕೌಂಟ್‌ಗೆ ಬರೋದು ಅದಕ್ಕೇ ಅಲ್ವಾ.

ಹಾಗಾದ್ರೆ ಏನ್ ಮಾಡೋದು? ಮೊದ್ಲು ಏನ್ ಮಾಡ್ಬಾರ್ದು ಹೇಳ್ತೀನಿ. ಕಂಬಳಿ ಹಂಚಿ ಫೋಟೋ ತೆಗಿಸ್ಕೊಳೋದು ನಿಲ್ಲಿಸ್ಬೇಕು. ಒಂದು ಹಾಡೀಲಿ, ಅಂದ್ರೆ ಬುಡಕಟ್ಟಿನೋರ ಕೇರೀಲಿ, ಒಂದೇ ಮಳೆಗಾಲದಲ್ಲಿ ಮೂರು ಸಂಘದೋರು ಬಂದು ಕಂಬಳಿ ಕೊಟ್ಟು ಹೋಗಿದ್ರು, ಅಲ್ಲಿಯ ಅಜ್ಜ ಒಬ್ರು ನಂಗೆ ಹೇಳಿದ್ರು, ಕಂಬಳಿ ಸಾಕು ಮಾರಾಯ, ಜಾತಿ ಸರ್ಟಿಫಿಕೇಟ್ ತರೋರು ಯಾರಾದ್ರೂ ಇದಾರಾ ಅಂತ. ಮೊಮ್ಮಗಳು ಆಶ್ರಮ ಶಾಲೆ ಮುಗ್ಸಿ ಹೈಸ್ಕೂಲಿಗೆ ಬಂದಿದ್ಲು, ಹಾಸ್ಟೆಲ್‌ಗೆ, ಸ್ಕಾಲರ್‌ಶಿಪ್‌ಗೆ ಆ ಸರ್ಟಿಫಿಕೇಟ್ ಮೇಲಿರೋ ಆರ್‌ಡಿ ನಂಬರ್ ಬೇಕಂತೆ. ಅಪ್ಪನಿಗೆ ಸರ್ಟಿಫಿಕೇಟ್ ಇಲ್ಲ, ಶಾಲೆ ದಾಖಲೆ ಇಲ್ಲ. ಮಗು ಎದುರಿಗೆ ನಿಂತಿದೆ, ಭಾಷೆ ಕೇಳಿದ್ರೆ ಗೊತ್ತಾಗುತ್ತೆ ಯಾರ ಮಗು ಅಂತ, ಆದ್ರೂ ಕಾಗದ ಬೇಕು. ನಾಡಕಚೇರೀಲಿ ಅರ್ಜಿ ಹಾಕ್ದಾಗ ಸಕಾಲದ ಅಕ್ನಾಲೆಜ್‌ಮೆಂಟ್ ಚೀಟಿ ಕೊಡ್ತಾರೆ, ಆ ನಂಬರ್ ಇಟ್ಕೊಂಡ್ರೆ ಯಾವ ಟೇಬಲ್ ಮೇಲೆ ಫೈಲ್ ಮಲಗಿದೆ ಅಂತ ಕೇಳ್ಬೋದು. ಸಕಾಲ 2012ರಿಂದ ಇದೆ, ಎಷ್ಟ್ ದಿನದಲ್ಲಿ ಕೊಡ್ಬೇಕು ಅಂತ ಕಾನೂನೇ ಇದೆ. ಚೀಟಿ ಇಲ್ದೆ ವಾಪಸ್ ಬರ್ಬೇಡಿ, ನಾಳೆ ಬಾ ಅನ್ನೋದು ಚೀಟಿ ಇಲ್ದೋರಿಗೆ ಮಾತ್ರ.

ಅರಣ್ಯ ಹಕ್ಕು ಕಾಯ್ದೆ 2006ರದ್ದು ಇನ್ನೊಂದು. 2005ರ ಡಿಸೆಂಬರ್ 13ಕ್ಕಿಂತ ಮುಂಚೆಯಿಂದ ಕಾಡಲ್ಲಿ ವಾಸ ಇದ್ದು ಸಾಗುವಳಿ ಮಾಡ್ತಿರೋ ಬುಡಕಟ್ಟಿನೋರಿಗೆ ನಾಲ್ಕು ಹೆಕ್ಟೇರ್ ಮೀರದ ಹಾಗೆ ಹಕ್ಕುಪತ್ರ ಕೊಡ್ಬೇಕು. ಕಾಗದ ಎಲ್ಲಿಂದ ತರ್ಲಿ ಅಂತ ಅವ್ರು ಕೂರ್ತಾರೆ, ಆದ್ರೆ ಆ ನಿಯಮದಲ್ಲೇ ಇದೆ, ಊರಿನ ಹಿರಿಯರ ಹೇಳಿಕೆ ಬರ್ಕೊಂಡ್ರೆ ಅದೂ ಸಾಕ್ಷಿ. ಹಳೆ ಬಾವಿ, ಸಮಾಧಿ, ದೇವರ ಜಾಗ ಇಂಥವೂ ಆಗುತ್ತೆ. ಅರ್ಜಿ ತಳ್ಳಿ ಹಾಕಿದ್ರೆ ಅರವತ್ತು ದಿನದೊಳಗೆ ಮೇಲೆ ಹೋಗ್ಬೋದು, ಆ ಅರವತ್ತು ದಿನ ಗೊತ್ತಿಲ್ದೇನೇ ಮುಗಿದು ಹೋಗಿರುತ್ತೆ. ದಿಡ್ಡಳ್ಳೀಲಿ 2016ರ ಡಿಸೆಂಬರಲ್ಲಿ ಬುಡಕಟ್ಟಿನೋರ ಗುಡಿಸಲು ಕೆಡವಿದ್ದು ಇಲ್ಲಿಂದ ದೂರ ಏನಲ್ಲ, ನಿಮಗೆಲ್ಲ ನೆನಪಿರ್ಬೇಕು. ಆ ಗಲಾಟೇಲಿ ಯಾರು ಸರಿ ಯಾರು ತಪ್ಪು ಅಂತ ನಾವು ಟೀ ಅಂಗಡೀಲಿ ತಿಂಗಳುಗಟ್ಟಲೆ ಮಾತಾಡಿದ್ವಿ. ಒಂದು ಫಾರಂ ತುಂಬಿಸ್ಕೊಡೋಕೆ ಹೋದೋರು ಎಷ್ಟ್ ಜನ ಅಂತ ನಂಗೆ ನಾನೇ ಕೇಳ್ಕೊಳ್ತೀನಿ, ನಾನು ಹೋಗಿರ್ಲಿಲ್ಲ.

ಸಾಲದ ಬಗ್ಗೆ ಎರಡೇ ಮಾತು. ಸ್ವಸಹಾಯ ಸಂಘ ಅನ್ನೋದು ನಮ್ಮ ಕಡೆ ಹೊಸದಲ್ಲ, ಸಂಘಗಳಿಗೆ ಬ್ಯಾಂಕ್ ಸಾಲ ಕೊಡ್ಸೋದನ್ನ ನಬಾರ್ಡ್ 1992ರಲ್ಲಿ ಶುರು ಮಾಡ್ತು, ಸ್ತ್ರೀಶಕ್ತಿ 2000ದಲ್ಲಿ ಬಂತು. ಸಂಘ ಇದ್ದ ಕಡೆ ಹೆಂಗಸ್ರು ಅಡ್ವಾನ್ಸ್‌ಗೆ ಕೈ ಚಾಚೋದು ಕಮ್ಮಿ ಆಗಿದೆ. ಆದ್ರೆ ಲೈನ್‌ನೋರನ್ನ ಸಂಘಕ್ಕೆ ಸೇರಿಸ್ಕೊಳಲ್ಲ, ಇವತ್ತಿದ್ದು ನಾಳೆ ಹೋಗ್ತಾರೆ ಅಂತ. ಸೇರಿಸ್ಕೊಳಿ, ಅಷ್ಟೇ ನಾನು ಕೇಳೋದು. ಇಲ್ಲ ಅಂದ್ರೆ ಅವ್ರು ಹೋಗೋದು ವಾರದ ಕಂತಿನೋರ ಹತ್ರ. ಮನೆ ಮುಂದೆ ಬಂದು ಕೂಗಾಡಿ ವಸೂಲಿ ಮಾಡಿದ್ರೆ ಸುಮ್ನಿರ್ಬೇಡಿ, 2025ರಲ್ಲಿ ಸರ್ಕಾರ ಕಾನೂನು ತಂದಿದೆ, ಹತ್ತು ವರ್ಷದವರೆಗೆ ಜೈಲಿದೆ.

ಇನ್ನು ನಮ್ಮ ಪೋಸ್ಟಾಫೀಸಿನ ಜಾಹೀರಾತು ಅಂದ್ಕೊಂಡ್ರೂ ಪರ್ವಾಗಿಲ್ಲ, ವರ್ಷಕ್ಕೆ 20 ರೂಪಾಯಿಗೆ ಆಕ್ಸಿಡೆಂಟ್ ಇನ್ಶೂರೆನ್ಸ್ ಇದೆ, ಬ್ಯಾಂಕಲ್ಲೂ ಇದೆ ಪೋಸ್ಟಲ್ಲೂ ಇದೆ, ಸತ್ರೆ ಎರಡು ಲಕ್ಷ. ಮರ ಕಪಾತು ಮಾಡೋಕೆ ಸಿಲ್ವರ್ ಮರ ಹತ್ತೋನು, ಮೆಣಸು ಕುಯ್ಯೋಕೆ ಅಲ್ಯೂಮಿನಿಯಂ ಏಣಿ ಹಿಡ್ಕೊಂಡು ಕರೆಂಟ್ ವೈರ್ ಕೆಳಗೆ ನಡೆಯೋನು, ಅವನಿಗೆ ಆ 20 ರೂಪಾಯಿ ಕಟ್ಟೋಕೆ ಸಾವ್ಕಾರ್ರಿಗೆ ಕಷ್ಟನಾ? ಒಂದು ಟೀ ಬನ್ನಿನ ದುಡ್ಡು. ಏಣಿ ವೈರ್‌ಗೆ ತಗುಲಿ ಸತ್ತೋರ ಮನೆಗೆ ನಾನು ಟಪಾಲು ಹಂಚಿದೀನಿ, ಆಮೇಲೆ ಆ ಮನೇಗೆ ಟಪಾಲು ಬರೋದೇ ನಿಂತೋಯ್ತು, ಉಳಿದೋರು ಎಲ್ಲಿಗೋ ಹೋದ್ರು.

ಪ್ರಶ್ನೆ ಕೇಳಿ ಅಂದಾಗ ಹಿಂದೆ ಕೂತಿದ್ದ ಒಬ್ರು ಬೆಳೆಗಾರ್ರು ಎದ್ದು, ಲೈನ್‌ನೋರಿಗೆ ಅಡ್ರೆಸ್ ಬರ್ಕೊಟ್ರೆ ನಾಳೆ ಮನೆ ನಮ್ದೇ ಅಂತ ಕೂತ್ರೆ ಏನ್ ಮಾಡೋದು ಅಂತ ನೇರ ಕೇಳಿದ್ರು. ಒಳ್ಳೆ ಪ್ರಶ್ನೆ. ಎಲ್ರ ಮನಸ್ಸಲ್ಲಿರೋದೇ ಅದು, ಕೇಳೋರು ಕಮ್ಮಿ. ನಾನು ಹೇಳ್ದೆ, ಇಲ್ಲಿ ವಾಸ ಇದಾರೆ ಅನ್ನೋದೇ ಬೇರೆ, ಜಾಗ ಇವ್ರದ್ದು ಅನ್ನೋದೇ ಬೇರೆ, ಆಧಾರ್‌ನೋರೇ ಆಧಾರ್ ಅನ್ನೋದು ಆಸ್ತಿ ಪತ್ರ ಅಂತ ಎಲ್ಲೂ ಹೇಳಿಲ್ಲ. ಅಡ್ರೆಸ್ ಪ್ರೂಫ್ ಇಲ್ದೋರಿಗೆ ಅವ್ರದ್ದೇ ಒಂದು ಸರ್ಟಿಫಿಕೇಟ್ ಫಾರಂ ಇದೆ, ಫೋಟೋ ಅಂಟಿಸಿ ಗೆಜೆಟೆಡ್ ಆಫೀಸರ್ ಸಹಿ ಸೀಲ್ ಹಾಕ್ಸಿದ್ರೆ ನಡೆಯುತ್ತೆ. ನಿಮ್ಮ ಸಹಿ ಕೂಡ ಬೇಡ, ಅವ್ರನ್ನ ಕರ್ಕೊಂಡು ಹೋಗೋಕೆ ಗಾಡಿ ಬೇಕು ಅಷ್ಟೇ. ಅವ್ರು ಸ್ವಲ್ಪ ಹೊತ್ತು ಸುಮ್ನಿದ್ದು, ಗಾಡಿ ಇದೆ ಅಂದ್ರು. ಎಷ್ಟ್ ಮನೆ ಇದೆ ನಿಮ್ಮ ಲೈನಲ್ಲಿ ಅಂತ ಕೇಳ್ದೆ. ಆರೋ ಏಳೋ ಅಂದ್ರು. ಪಕ್ಕದಲ್ಲಿದ್ದ ಅವ್ರ ಹೆಂಡ್ತಿ ಎಂಟು ಅಂದ್ರು.

ಕೊನೆಗೆ ಎಲ್ರಿಗೂ ಹೇಳ್ದೆ: ನಾಳೆ ಸೋಮವಾರ, ನಾಡಕಚೇರಿ ಹತ್ತು ಗಂಟೆಗೆ ತೆಗೀತಾರೆ, ನಾನು ಒಂಬತ್ತೂಮುಕ್ಕಾಲಿಗೆ ಹೊರಗಡೆ ಬೆಂಚಲ್ಲಿ ಇರ್ತೀನಿ. ಹುಡುಗ್ರು ಯಾರಾದ್ರೂ ಇಬ್ರು ಮೂವರು ಬಂದ್ರೆ ಸಾಕು. ಅಕ್ಷರ ಚೆನ್ನಾಗಿರೋರು ಬನ್ನಿ, ಕಪ್ಪು ಪೆನ್ ತನ್ನಿ, ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಸೋಕೆ ಯಾರದ್ದಾದ್ರೂ ಜೇಬಲ್ಲಿ ಚಿಲ್ರೆ ಇರ್ಲಿ. ಈಗ ಮಾತು ನಿಲ್ಲಿಸ್ತೀನಿ, ಮೂರು ಗಂಟೆ ಆದ್ರೆ ಸಂತೇಲಿ ಜೀಪ್ ತುಂಬೋಕೆ ಶುರು ಆಗುತ್ತೆ, ಆ ಎಂಟು ಮನೆಯೋರು ಹೊರಡೋಕೆ ಮುಂಚೆ ಹೋಗಿ ನಾಳೆ ವಿಷಯ ಹೇಳ್ಬೇಕು.